‘ಆ ಗೆರೆ ಕೆಳಗೆ ಬಿದ್ದರೆ?’ ಎಂದು ಕೇಳಿದ ರತ್ನವ್ವ

ಬೆಳಗಿನ ಐದೂಕಾಲು. ಲಂಡನ್ ಅಂಚಿನ ಅಕ್ಸ್‌ಬ್ರಿಡ್ಜ್‌ನ ಸರ್ಕಾರಿ ಕಚೇರಿಯೊಂದರ ಐದನೇ ಮಹಡಿಯಲ್ಲಿ ರತ್ನವ್ವ ದೀಪ ಹಾಕುತ್ತಾರೆ. ಲಿಫ್ಟ್ ಏಳರವರೆಗೆ ಬಂದ್. ಬಕೆಟ್ಟು, ಮಾಪು ಹೊತ್ತು ಮೆಟ್ಟಿಲು ಹತ್ತಿಯೇ ಬಂದಿದ್ದಾರೆ. ಎಂಟರೊಳಗೆ ತೊಂಬತ್ತಾರು ಮೇಜು, ಹದಿನಾಲ್ಕು ಶೌಚಾಲಯ ಮುಗಿಯಬೇಕು. ಕಾರಿಡಾರಿನ ಆ ತುದಿಯಿಂದ ಜೊತೆಗಾತಿ ಹಿಮೇನಾ ಸ್ಪ್ಯಾನಿಷ್‌ನಲ್ಲಿ ಏನೋ ಕೂಗುತ್ತಾಳೆ. ರತ್ನವ್ವ ಅದೇ ಭಾಷೆಯಲ್ಲಿ ತಿರುಗಿ ಬೈದು ನಗುತ್ತಾರೆ.

“ಹನ್ನೊಂದು ವರ್ಷ ಅವ್ರ ಜೋಡಿ ಕಸ ಹೊಡದೀನ್ರಿ. ಭಾಷಾ ತಾನ ಬಂತು.”

ವಿಜಯಪುರ ಜಿಲ್ಲೆಯ ಸಿಂದಗಿಯ ಈ ಹೆಣ್ಣುಮಗಳಿಗೆ ಈಗ ಅರವತ್ತೊಂದು. ಗಂಡ ಅಡಿವೆಪ್ಪ ಗ್ರೀನ್‌ಫರ್ಡ್‌ನ ಗೋದಾಮಿನಲ್ಲಿ ಬೆನ್ನಿಗೆ ಪೆಟ್ಟು ಮಾಡಿಕೊಂಡು ಮನೆ ಹಿಡಿದ ಮೇಲೆ ಇವರು ಕೆಲಸಕ್ಕಿಳಿದರು. ಇಲ್ಲಿನ ಇಪ್ಪತ್ತಾರು ಕ್ಲೀನರ್‌ಗಳಲ್ಲಿ ಹತ್ತೊಂಬತ್ತು ಮಂದಿ ಚಿಲಿ, ಕೊಲಂಬಿಯಾ, ಬೊಲಿವಿಯಾಗಳಿಂದ ಬಂದ ಹೆಂಗಸರು. ಎಲ್ಲರದೂ ಅರೆಹೊತ್ತಿನ ಕೆಲಸ. ಮಕ್ಕಳನ್ನು ಬೆಳೆಸುತ್ತ ಮನೆಯಲ್ಲಿ ಕಳೆದ ವರ್ಷಗಳು ಕಚೇರಿಯ ಪಿಂಚಣಿಯ ಲೆಕ್ಕಕ್ಕಿಲ್ಲ.

ಹೋದ ಮಾರ್ಚ್‌ನಲ್ಲಿ ಅವರ ಮುಂದೆ ಒಂದು ಒಪ್ಪಿಗೆ ಪತ್ರ ಬಂತು. ಬದುಕಿರುವವರೆಗೂ ಬರುವ ಸರ್ಕಾರಿ ಪಿಂಚಣಿ ಬಿಟ್ಟು, ಷೇರುಪೇಟೆ ನಂಬಿದ ಖಾಸಗಿ ಯೋಜನೆಗೆ ಸೇರಿ ಎಂದು. ಸಭೆ ನಡೆಯಿತು. ಟೈ ಕಟ್ಟಿದ ಅಧಿಕಾರಿ ಪರದೆಯ ಮೇಲೆ ಏರುತ್ತಲೇ ಹೋಗುವ ಗೆರೆಯೊಂದನ್ನು ತೋರಿಸಿದ. ರತ್ನವ್ವ ಕೈ ಎತ್ತಿದರು. ಆ ಗೆರೆ ಕೆಳಗೆ ಬಿದ್ದರೆ?

ಲಾಂಗ್ ಟರ್ಮ್‌ನಲ್ಲಿ ಏರಿಯೇ ಏರುತ್ತದೆ ಎಂದ ಆತ.

“ನಾ ಅಂದೆ, ನನಗ ಅರವತ್ತಾತು, ಲಾಂಗ್ ಟರ್ಮ್ ಎಲ್ಲಿಂದ ತರ್ಲಿ? ಎಲ್ಲಾರೂ ನಕ್ಕರು. ಅಂವ ನಗಲಿಲ್ಲ.”

ಆಗ ಹಿಮೇನಾ ಬಾಯಿಬಿಟ್ಟಳು. ಇಂಗ್ಲಿಷ್ ಸಾಲದೆ ಸ್ಪ್ಯಾನಿಷ್‌ಗೆ ಹೊರಳಿದಾಗ, ರತ್ನವ್ವ ಒಂದೊಂದೇ ಮಾತನ್ನು ಇಂಗ್ಲಿಷ್ ಮಾಡಿ ಹೇಳುತ್ತ ಹೋದರು. ಹಿಮೇನಾಳ ತಾಯಿ ಚಿಲಿಯಲ್ಲಿ ಮೂವತ್ತು ವರ್ಷ ಬಟ್ಟೆ ಹೊಲಿದವಳು. ಅಲ್ಲಿನ ಸರ್ಕಾರ ಪಿಂಚಣಿಯನ್ನು ಕಂಪನಿಗಳ ಕೈಗೆ ಕೊಟ್ಟಿತು. ಮುಪ್ಪಿನಲ್ಲಿ ಕಂಪನಿ ಹೇಳಿತು: ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ, ಆದ್ದರಿಂದ ತಿಂಗಳ ಪಾಲು ಸಣ್ಣದು.

“ಬಾಳ ದಿನ ಬದುಕೂದೂ ತಪ್ಪೇನ್ರಿ?” ರತ್ನವ್ವ ಈಗಲೂ ಕೆರಳುತ್ತಾರೆ.

ಹದಿನೆಂಟು ಪುಟದ ಆ ಪತ್ರವನ್ನು ಮಗಳು ಸ್ಫೂರ್ತಿ ಮನೆಯಲ್ಲಿ ಬಿಡಿಸಿ ಹೇಳಿದಳು. ಮೂರು ವಾರ, ಕೆಲಸ ಮುಗಿಸಿ ಬಸ್ ಸ್ಟಾಪಿನಲ್ಲಿ ಕೂತು, ರತ್ನವ್ವ ಅದನ್ನು ಜೊತೆಗಾತಿಯರಿಗೆ ಸಾಲುಸಾಲಾಗಿ ಸ್ಪ್ಯಾನಿಷ್‌ನಲ್ಲಿ ತಿಳಿಸಿದರು. ಸುದ್ದಿ ಮೇಲಧಿಕಾರಿಗಳಿಗೆ ಹೋಯಿತು. ಮರುವಾರವೇ ರತ್ನವ್ವನನ್ನು ಎರಡನೇ ಮಹಡಿಯಿಂದ ಐದನೆಯದಕ್ಕೆ ಹಾಕಿದರು. ಮೊಣಕಾಲು ನೋವು ಗೊತ್ತಿದ್ದೇ ಹಾಕಿದರು.

“ಹತ್ತಿದೆ. ಬಿಡಂಗಿಲ್ಲ ಅಂದಮ್ಯಾಲ ಹತ್ತೂದ.”

ಇಪ್ಪತ್ತಾರರಲ್ಲಿ ಇಪ್ಪತ್ತಮೂರು ಮಂದಿ ಸಹಿ ಹಾಕಲಿಲ್ಲ. ಹಾಕಿದ ಮೂವರನ್ನು ರತ್ನವ್ವ ದೂರುವುದಿಲ್ಲ. ಅವರವರ ಕಷ್ಟ ಅವರಿಗೆ ಎನ್ನುತ್ತಾರೆ. ಆಗಸ್ಟ್‌ನಲ್ಲಿ ಪ್ರಸ್ತಾವ ಹಿಂದಕ್ಕೆ ಹೋಯಿತು, ಆ ಮೂವರ ಪಿಂಚಣಿಯೂ ಮರಳಿತು. ಆದರೆ ಹಾಗೆಂದು ತಿಳಿಸಿದ ಪತ್ರದಲ್ಲಿ ‘ಸದ್ಯಕ್ಕೆ’ ಎಂಬ ಮಾತಿದೆ. ಅಂದರೆ ಇನ್ನೊಂದು ಸಭೆ ಇದ್ದೇ ಇದೆ.

ಆ ಸಭೆಗೆ ನಿಮ್ಮ ಬೇಡಿಕೆ ಏನು ಎಂದು ಕೇಳಿದರೆ ರತ್ನವ್ವ ಮಾಪು ಹಿಂಡುತ್ತ ಹೇಳುತ್ತಾರೆ: “ಆವತ್ತು ಆಫೀಸಿನವ್ರು ಕುಂತಿದ್ರು, ನಾವು ಹಿಂದ ಗ್ವಾಡಿಗೆ ಆತು ನಿಂತಿದ್ವಿ. ಮುಂದಿನ ಸಲ ನಮಗೂ ಕುರ್ಚಿ ಹಾಕ್ಲಿ. ಹಾಕ್ಲಿಲ್ಲಂದ್ರ, ನಿಂತ ಮಾತಾಡ್ತೀವಿ.”