ಗೌರತ್ತೆಯ ಪತ್ತೇದಾರಿ

ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಕೆಮ್ಮುತ್ತ ಓಡುತ್ತಿದ್ದ ಎರಡನೇ ಮಹಾಯುದ್ಧದ ದಿನಗಳವು. ಚನ್ನರಾಯಪಟ್ಟಣದಲ್ಲಿ ಅಪ್ಪನಿಗೆ ಕೊಬ್ಬರಿ ಮಂಡಿ. ಅವರೆಕಾಯಿ ಕಾಲ ಬಂತೆಂದರೆ ಮನೆಯೆಲ್ಲ ಸೊಗಡಿನ ಘಮ. ಮಧ್ಯಾಹ್ನ ಊಟವಾದ ಮೇಲೆ ಅಪ್ಪನ ಅಕ್ಕ ಗೌರತ್ತೆ ಪಡಸಾಲೆಯಲ್ಲಿ ಕಾಲು ನೀಡಿ ನೆನೆದ ಕಾಳು ಹಿಸುಕಲು ಕೂರುತ್ತಿದ್ದಳು. ಪಕ್ಕದಲ್ಲಿ ಕೂತು ಪತ್ತೇದಾರಿ ಕಾದಂಬರಿ ಓದಿ ಹೇಳುವುದು ನನ್ನ ಕೆಲಸ. ಹಾಸನದಲ್ಲಿ ಓದುತ್ತಿದ್ದ ಅಣ್ಣ ಯಾರ್ಯಾರಿಂದಲೋ ಎರವಲು ಪಡೆದು ಬಸ್ಸಿನಲ್ಲಿ ಕಳಿಸುತ್ತಿದ್ದ ಪುಸ್ತಕಗಳು.

ಗೌರತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಅವಳಂತೆ ಕಥೆ ಕೇಳುವವರನ್ನು ನಾನು ಇಂದಿಗೂ ಕಂಡಿಲ್ಲ.

"ನಿಲ್ಸವ್ವ. ಬಾಗ್ಲು ಒಳಗಿಂದ ಅಗಳಿ ಆಕಿತ್ತು ಅಂದ್ಯಲ್ಲ, ನಾಯಿ ಎಂಗೆ ಒರಗೆ ಬಂತು?"

ನಾನು ಪುಟ ಹಿಂದಕ್ಕೆ ತಿರುವಿದರೆ ಅವಳು ಹೇಳಿದ್ದೇ ನಿಜ! ಕಾದಂಬರಿ ಬರೆದವನೇ ಎಡವಿದ್ದ.

ಒಂದು ದಿನ ಸಾಹುಕಾರನೊಬ್ಬನ ಕೊಲೆಯ ಕಥೆ ಕಡೆಯ ಅಧ್ಯಾಯಕ್ಕೆ ಬಂದಿತ್ತು. ಅವನ ಅಳಿಯನೋ, ಡಾಕ್ಟರೋ, ತೋಟದ ಮಾಲಿಯೋ ಕೊಂದಿರಬೇಕು. ಅಷ್ಟರಲ್ಲಿ ಅಪ್ಪ ಮಂಡಿಯಿಂದ ಬಂದ.

"ದಿನಾ ಕೊಲೆ, ರಕ್ತ! ಏನಕ್ಕಾ ಇದು? ಇಂಥ ಪುಸ್ತಕ ಇನ್ಮೇಲೆ ಅಂಡೆ ಒಲೆಗೇ ಆಕ್ತೀನಿ."

ನನಗೆ ಅಳುವೇ ಬಂತು. ಗೌರತ್ತೆ ಜಗ್ಗಲಿಲ್ಲ. "ಆಕೀಯಂತೆ ತಡಿ. ಕೊಂದೋನು ಯಾರು ಅಂತ ನಾನು ಯೋಳ್ತೀನಿ, ನೀನು ಓದಿ ನೋಡು. ತಪ್ಪಾದ್ರೆ ಸುಟ್ಟಾಕು. ಸರಿಯಾದ್ರೆ ಇನ್ಮೇಲೆ ನಮ್ಮ ಓದಿಗೆ ಅಡ್ಡ ಬರಕೂಡ್ದು."

"ಆಗ್ಲಿ, ಯೋಳು."

"ಡಾಕ್ಟ್ರೇ ಕಣ್ಲಾ. ಯಾರೂ ಕರೀದೆ ಅವನಾಗೇ ಬಂದ್ಬುಟ್ಟಿದ್ದ."

ಅಪ್ಪ ಪುಸ್ತಕ ಹಿಡಿದು ಜಗಲಿಯಲ್ಲಿ ಕೂತ. ಅವ್ವ ಇಟ್ಟ ಕಾಫಿ ಕೆನೆಗಟ್ಟಿತು. ಒಳಗೆ ಗೌರತ್ತೆ ಕಾಳು ಹಿಸುಕುವುದನ್ನೇ ಬಿಟ್ಟು ಹೊಸಲಿನತ್ತ ನೋಡುತ್ತಿದ್ದಳು. ಕೊನೆಗೂ ಅಪ್ಪ ಎದ್ದು ಬಂದು, ಶಲ್ಯದ ತುದಿ ತಿರುಚುತ್ತ, "ನೀನೇ ಗೆದ್ದೆ ಬಿಡಕ್ಕ, ಡಾಕ್ಟ್ರೇ" ಎಂದ. ನಾನು ಕುಣಿದುಬಿಟ್ಟೆ. ಅಪ್ಪ ಪುಸ್ತಕವನ್ನು ನನ್ನ ಕೈಗೂ ಕೊಡದೆ ಸಂಜೆಯ ಬಸ್ಸಿಗೇ ಅಣ್ಣನಿಗೆ ಕಳಿಸಿಬಿಟ್ಟ. ಅಂದಿನಿಂದ ನಮ್ಮ ಓದಿಗೆ ತಡೆಯೇ ಇರಲಿಲ್ಲ.

ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಹೊಳೆನರಸೀಪುರದ ಗೆಳತಿಯೊಬ್ಬಳ ಮನೆಯ ಅಟ್ಟದಲ್ಲಿ ಅದೇ ಪುಸ್ತಕ ಸಿಕ್ಕಿತು. ಆತುರದಿಂದ ಕಡೆಯ ಅಧ್ಯಾಯ ಓದಿದೆ. ಕೊಂದವನು ಅಳಿಯ! ಡಾಕ್ಟರು ಪಾಪ, ಏನೂ ಅರಿಯದವನು. ಮನೆಯಲ್ಲಿ ಒಂದು ನಗು ಇರಲಿ ಎಂದು ಅಪ್ಪ ಬೇಕೆಂದೇ ಸೋತಿದ್ದ. ಅವನ ಮೇಲೆ ಅಷ್ಟು ಪ್ರೀತಿ ನನಗೆ ಎಂದೂ ಉಕ್ಕಿರಲಿಲ್ಲ.

ಹಣ್ಣು ಮುದುಕಿಯಾಗಿದ್ದ ಗೌರತ್ತೆಯ ಬಳಿಗೆ ಓಡಿ ಹೇಳಿದೆ. ಅವಳು ಬೊಚ್ಚುಬಾಯಿ ಅಗಲಿಸಿ ನಕ್ಕಳು.

"ನಂಗೆ ಅವತ್ತೇ ಗೊತ್ತಾಗಿತ್ತು ಕಣವ್ವ. ಚಿಕ್ಕೋನಾಗಿದ್ದಾಗ ಬೆಲ್ಲ ಕದ್ದು ಸುಳ್ಳೇಳೋವಾಗ್ಲೂ ಅಂಗೇ ಬಟ್ಟೆ ತುದಿ ತಿರುಚ್ತಿದ್ದ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಬಾಯಿಬಿಟ್ಟಿದ್ರೆ ಪುಸ್ತಕ ಒಲೆಗೋಗ್ತಿರ್ನಿಲ್ವಾ?"

ಈಗ ನನ್ನ ಬೀರುವಿನ ತುಂಬ ಪತ್ತೇದಾರಿ ಕಾದಂಬರಿಗಳಿವೆ. ಅವರೆಕಾಯಿ ಕಾಲದಲ್ಲಿ ಈಗಲೂ ಮೊಮ್ಮಕ್ಕಳಿಗೆ ಓದಿ ಹೇಳುತ್ತೇನೆ. ಕಡೆಯ ಅಧ್ಯಾಯ ಬಂದಾಗ ಪುಸ್ತಕ ಮಡಚಿ, "ಕೊಂದೋರು ಯಾರು, ಹೇಳಿ ನೋಡೋಣ" ಎನ್ನುತ್ತೇನೆ.

"ಕೊನೇ ಪುಟ ನೋಡಜ್ಜಿ, ಅಲ್ಲೇ ಇರುತ್ತೆ" ಎನ್ನುತ್ತವೆ ಮಕ್ಕಳು.