ನಾಲ್ವರ ರಿಂಗ್ ಆಟ

ಎಂಬತ್ತರ ದಶಕದ ಆರಂಭದಲ್ಲಿ, ತುಮಕೂರಿನ ಒಂದು ಮಹಿಳಾ ಸಮಾಜದ ಹಿಂದಿನ ಅಂಗಳದಲ್ಲಿ ನಾವು ನಾಲ್ವರು ಹೆಂಗಸರು ಶನಿವಾರದ ಮಧ್ಯಾಹ್ನ ನೆಟ್ ಕಟ್ಟಿ ರಬ್ಬರ್ ರಿಂಗ್ ಆಡುತ್ತಿದ್ದೆವು. ನಾಲ್ವರಿಗೂ ಬೆಂಗಳೂರಿನಲ್ಲಿ ಆಪರೇಷನ್ ಆಗಿ ಒಂದೊಂದು ಸ್ತನ ಹೋಗಿತ್ತು. ಕ್ಯಾನ್ಸರ್ ಎಂಬ ಪದವನ್ನು ಆಗ ಮನೆಗಳಲ್ಲಿ ಉಚ್ಚರಿಸುತ್ತಿರಲಿಲ್ಲ. ‘ಆ ಕಾಯಿಲೆ’ ಎನ್ನುತ್ತಿದ್ದರು, ಅದೂ ಬಾಗಿಲು ಹಾಕಿಕೊಂಡು. ನನ್ನ ಓರಗಿತ್ತಿ ನನ್ನ ಲೋಟಕ್ಕೆ ಪ್ರತ್ಯೇಕ ಗೂಡನ್ನೇ ಮಂಜೂರು ಮಾಡಿದ್ದಳು.

ಬಿಗಿದ ತೋಳು ಸಡಿಲವಾಗಲೆಂದು ನಮ್ಮ ಲೇಡಿ ಡಾಕ್ಟರು ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿಕೊಟ್ಟರು. ನಾನು ಗೋಡೆಗೆ ಹಣೆ ಕೊಟ್ಟು ಅಳುವುದನ್ನೇ ಅಭ್ಯಾಸ ಮಾಡಿದೆ. “ಹಂಗಾದ್ರೆ ಜೊತೆ ಸೇರ್ಕೊಂಡು ರಿಂಗ್ ಆಡ್ರಮ್ಮ” ಎಂದು ಅವರೇ ಉಳಿದ ಮೂವರನ್ನು ಕೂಡಿಸಿಕೊಟ್ಟರು. ನಮ್ಮ ಬೀದಿಯ ಟೈಲರಮ್ಮ, ಕುಣಿಗಲ್ ಕಡೆಯ ಒಬ್ಬ ರೈತಗಿತ್ತಿ, ಗುಬ್ಬಿಯಿಂದ ಬಸ್ಸಿನಲ್ಲಿ ಬರುವ ಪ್ರೈಮರಿ ಸ್ಕೂಲಿನ ಮೇಡಂ.

ನಮ್ಮ ಘನ ಸಂಸ್ಥೆಗೆ ಇದ್ದದ್ದು ಒಂದೇ ಕಾಯಿದೆ: ಅಂಗಳದಲ್ಲಿ ಕಾಯಿಲೆಯ ಸುದ್ದಿ ಎತ್ತಕೂಡದು. ರವಿಕೆಯೊಳಗೆ ಇಟ್ಟುಕೊಳ್ಳಲು ಟೈಲರಮ್ಮ ಎಲ್ಲರಿಗೂ ರಾಗಿ ತುಂಬಿದ ಪುಟ್ಟ ಚೀಲ ಹೊಲಿದುಕೊಟ್ಟಿದ್ದಳು. ಒಮ್ಮೆ ಕುಣಿಗಲ್ಲಿನಾಕೆ ಎಗರಿ ರಿಂಗ್ ಹಿಡಿದಾಗ ಚೀಲದ ಹೊಲಿಗೆ ಬಿಚ್ಚಿ ರಾಗಿ ಚೆಲ್ಲಾಡಿತು. “ಬಿತ್ನೆ ಆಯ್ತು ಬುಡಿ, ಆಟ ನಡೀಲಿ” ಎಂದಳು. ಆಪರೇಷನ್ ಆದಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೇ ಮೊದಲು.

ಆ ಬೇಸಿಗೆಯಲ್ಲಿ ಗುಬ್ಬಿ ಮೇಡಂ ಬಲಗೈಯ ಗಾಜಿನ ಬಳೆಗಳು ಮಣಿಕಟ್ಟಿಗೆ ಕಚ್ಚಿಕೊಂಡವು. ಮುಂದಿನ ವಾರ ಅರ್ಧ ಇರಲಿಲ್ಲ. ಆಮೇಲೆ ಕೈಯೇ ಬೋಳು. ಊದಿದ ತೋಳಿನ ಚರ್ಮ ಬಿಗಿದು ಹೊಳೆಯುತ್ತಿತ್ತು. ಕಾಯಿದೆಗೆ ತಲೆಬಾಗುವ ಪ್ರಜೆಗಳಾದ ನಾವು ಬಿಸಿಲಿನ ಬಗ್ಗೆ ದೀರ್ಘವಾಗಿ ಚರ್ಚಿಸಿದೆವು. ಅವರು ಎಡಗೈಯಲ್ಲಿ ಆಡತೊಡಗಿದರು. ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ರಿಂಗನ್ನು ಅವರ ಎಡಕ್ಕೆ, ನೈವೇದ್ಯ ಇಡುವವರಂತೆ, ಮೆಲ್ಲಗೆ ಹಾಕತೊಡಗಿದೆವು.

ಒಂದು ಶನಿವಾರ ಅವರು ರಿಂಗ್ ಹಿಡಿಯದೆ ನೆಲಕ್ಕೆ ಬೀಳಲು ಬಿಟ್ಟರು.

“ಏನ್ರೀ ಇದು, ಮಗೂನ ಆಡ್ಸಿದಂಗೆ? ನಾನಿನ್ನೂ ಸತ್ತಿಲ್ಲ ಕಣ್ರೀ!”

ಟೈಲರಮ್ಮ ಬಗ್ಗಿ ರಿಂಗ್ ಎತ್ತಿಕೊಂಡಳು.

“ಕಂಕುಳಲ್ಲಿ ಗಂಟು ಸಿಕ್ಕಿದೆ” ಎಂದರು, ದನಿ ಇಳಿಸಿ. “ಬೆಂಗ್ಳೂರಿಗೆ ಹೋದ್ರೆ ಅದೇ ಅಂತಾರೆ. ಹೋಗ್ದೆ ಇದ್ರೆ, ಇನ್ನೂ ಗೊತ್ತಿಲ್ಲ ಅಂತ್ಲಾದ್ರೂ ಇರ್ಬೋದಲ್ಲ?”

“ಬಳೆ ನೋಡ್ಕಂಡೇ ರಿಂಗ್ ಎಸೀತಿದ್ವಿ ಕಣಕ್ಕ” ಎಂದಳು ಕುಣಿಗಲ್ಲಿನಾಕೆ. “ಗೊತ್ತಿಲ್ಲ ಅನ್ನೋದು ಯಾರ್ಗೈತೆ ಇಲ್ಲಿ? ಸೋಮ್ವಾರ ಹೊಂಡಿ, ನಾನೂ ಬತ್ತೀನಿ.”

“ನಿಮ್ಮನೇಲಿ ಹಾಲು ಯಾರು ಕರೀತಾರೆ?”

“ನಮ್ಮನೆಯೋರು ಕರೀತಾರೆ. ಅವ್ರ ಕೈಗೇನು ಆಪ್ರೇಷನ್ ಆಗೈತಾ?”

ಸೋಮವಾರ ನಾಲ್ವರೂ ಹೋದೆವು. ಆಸ್ಪತ್ರೆಯ ಬೆಂಚಿನಲ್ಲಿ ನಾವು ಮೂವರು ಅವರ ಚಪ್ಪಲಿ ಕಾಯುತ್ತ ಕೂತೆವು. ಚಪ್ಪಲಿ ಕದಿಯುವವರು ಅಲ್ಲಿ ಯಾರೂ ಇರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದ ಅವರು “ಅದೇ ಅಂತೆ” ಎಂದರು. ವಾಪಸ್ ಬರುವಾಗ ಬಸ್ಸು ನೆಲಮಂಗಲ ದಾಟಿತು. ಆಮೇಲೆ ಅವರೇ ಕೇಳಿದರು: “ಶನಿವಾರ ಇದೆ ತಾನೆ?”

ಇತ್ತು. ಅಂದು ಟೈಲರಮ್ಮ ಹಲ್ಲು ಕಚ್ಚಿ ಬೀಸಿ ಎಸೆದಳು. ಮೇಡಂ ಸೋತು, ಮನಸಾರೆ ಬೈದರು.

ಮಳೆಗಾಲದ ಹೊತ್ತಿಗೆ ಅವರಿಗೆ ನಿಲ್ಲಲಾಗುತ್ತಿರಲಿಲ್ಲ. ಕುರ್ಚಿ ಹಾಕಿಸಿಕೊಂಡು ಅಂಪೈರ್ ಆದರು. ದೀಪಾವಳಿ ಬರುವಷ್ಟರಲ್ಲಿ ಇಬ್ಬರು ಹಿಡಿದು ಬಸ್ಸಿನಿಂದ ಇಳಿಸಬೇಕಾಯಿತು. ಇಳಿಸುವಾಗ ವಾರ ವಾರಕ್ಕೂ ಹಗುರವಾಗುತ್ತಿದ್ದರು. ತೀರ್ಪುಗಳಲ್ಲಿ ಮಾತ್ರ ನ್ಯಾಯದ ಸುಳಿವೂ ಇರುತ್ತಿರಲಿಲ್ಲ. ಗೆರೆಯೊಳಗೆ ಬಿದ್ದ ರಿಂಗಿಗೂ “ಔಟ್” ಎನ್ನುತ್ತಿದ್ದರು. ಕುಣಿಗಲ್ಲಿನಾಕೆ ಕುರ್ಚಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ಬೀದಿಗೆಲ್ಲ ಕೇಳುವ ಹಾಗೆ ಜಗಳವಾಡುತ್ತಿದ್ದಳು.