ಆಯಿಯ ಟಾರ್ಚಿಗೆ ಗಟ್ಟಿ ಸೆಲ್ ಸಿಕ್ಕಿದ್ದು

ಚೌಡಾಪುರ ದಾಟಿ ಸ್ವಲ್ಪ ಮುಂದೆ ಬಂದಿದ್ವಿ. ಬಸ್ಸಲ್ಲಿ ನನ್ನ ಪಕ್ಕ ಕೂತಿದ್ದ ಆಯಿ ಒಮ್ಮೆಲೇ ಎದ್ದು, ಸೊಂಟಕ್ಕೆ ಸಿಗಿಸಿದ್ದ ಎಲೆ ಅಡಿಕೆ ಚಂಚಿ ಕಿತ್ತು ಕೆಳಗೆ ಒಗೆದ್ಲು.

"ಸುಡಾಕತ್ತದ ಬೇ! ಸುಡಾಕತ್ತದ!"

ಚಂಚಿಯಿಂದ ಹೊಗೆ. ಹಿಂದಿನ ಸೀಟಿಂದ ಯಾರೋ "ಮುದುಕಿ ಬೀಡಿ ಇಟ್ಕೊಂಡಾಳ್ರಿ" ಅಂತ ನಕ್ಕರು. ಕಂಡಕ್ಟರ್ ನಗಲಿಲ್ಲ. ಬಸ್ ನಿಲ್ಲಿಸಿ, ಒಂದು ಕೋಲಿಂದ ಚಂಚಿಯನ್ನ ಬಾಗಿಲ ಹೊರಗೆ ಬಯಲಿಗೆ ತಳ್ಳಿದ್ರು.

ಎಲ್ಲರೂ ಇಳಿದು ದೂರ ನಿಂತು ನೋಡ್ತಿದ್ವಿ. ಒಳಗೆ ಏನಿದೆ ಅಂತ ನನಗೆ ಗೊತ್ತಿತ್ತು... ಟಾರ್ಚಿನ ಸ್ಪೇರ್ ಸೆಲ್. ನಾನೇ ಕೊಡಿಸಿದ್ದು.

ಆಯಿ ಅಂದ್ರೆ ನಮ್ಮಪ್ಪನ ಅವ್ವ. ಖಜೂರಿ ಹತ್ರದ ನಮ್ಮೂರಲ್ಲಿ ದಿನಾ ಬೆಳಕು ಹರಿಯೋ ಮುಂಚೆ ಹೊಲದ ಕೊಟ್ಟಿಗೆಗೆ ಎಮ್ಮೆ ಹಿಂಡೋಕೆ ಹೋಗ್ತಾಳೆ. ಕಾಲೇಜ್ ಸೇರಿದ ಮೇಲೆ ಅವಳಿಗೆ ನಾನು ಕೊಟ್ಟ ಮೊದಲ ಗಿಫ್ಟೇ ಈ ಟಾರ್ಚ್, ಜೊತೆಗೆ ಎರಡು ಲಿಥಿಯಂ ಸೆಲ್. ಆನ್‌ಲೈನಲ್ಲಿ ತರಿಸಿದ್ದೆ.

ಸೆಲ್ ಮೇಲೆ ದಪ್ಪಕ್ಷರದಲ್ಲಿ 9900 mAh, ಅಂದ್ರೆ ಚಾರ್ಜ್ ಹಿಡಿಯೋ ತಾಕತ್ತು. ನಂಬರ್ ದೊಡ್ಡದು, ರೇಟ್ ಚಿಕ್ಕದು... ಭಾರಿ ಜಾಣೆ ಅನ್ಕೊಂಡಿದ್ದೆ ನಾನು.

ಆಯಿ ಪಾಪ, ಮೊಮ್ಮಗಳು ಕೊಟ್ಟಿದ್ದು ಅಂತ ಸ್ಪೇರ್ ಸೆಲ್‌ನ ಚಂಚಿಯೊಳಗೆ ಜೋಪಾನ ಮಾಡಿದ್ಲು. ಅಲ್ಲೇ ಸುಣ್ಣದ ಡಬ್ಬಿ, ಅಡಿಕೆ ಕತ್ತರಿಸೋ ಕಬ್ಬಿಣದ ಅಡಕೊತ್ತು. ಸೆಲ್‌ನ ಎರಡೂ ತುದಿಗೆ ಅಡಕೊತ್ತು ತಾಗಿ ಶಾರ್ಟ್ ಆಗಿತ್ತು. ಹೆಂಗೆ ಇಡಬೇಕು ಅಂತ ನಾನು ಹೇಳೇ ಇರ್ಲಿಲ್ಲ.

ಬಸ್ ಮತ್ತೆ ಹೊರಟಾಗ ಆಯಿ ಚೀಲದಿಂದ ಟಾರ್ಚ್ ತೆಗೆದು ನನ್ನ ಮಡಿಲಿಗೆ ಹಾಕಿದ್ಲು. "ಇದು ನನಗ ಬ್ಯಾಡ ಬೇ. ಇಷ್ಟು ವರ್ಷ ಕತ್ತಲದಾಗ ಹೋಗೇನಿ, ಇನ್ನೂ ಹೋಗ್ತೇನಿ."

ಹೋದ ವಾರ ಜೋಳದ ಕಣಿಕೆ ಬಣವೆ ಪಕ್ಕ ನಾಗರಹಾವು ಮಲಗಿದ್ದು ಅವಳಿಗೆ ಕಂಡಿದ್ದೇ ಈ ಟಾರ್ಚಿನ ಬೆಳಕಲ್ಲಿ.

ಟೆನ್ಷನ್ ಆದ್ರೆ ನಾನು ಓದ್ತೀನಿ. ಆರನೇ ಕ್ಲಾಸಿಂದ ಜೇವರ್ಗಿ ಹಾಸ್ಟೆಲಲ್ಲಿ ಕಲಿತ ಚಟ ಅದು. ಅಫಜಲಪುರ ಬರೋವರೆಗೂ ಫೋನಲ್ಲಿ ಓದ್ತಾನೇ ಇದ್ದೆ.

18650 ಅನ್ನೋ ಈ ಸೈಜಿನ ಸೆಲ್‌ಗೆ 3500 mAh ಆಸುಪಾಸೇ ಮ್ಯಾಕ್ಸಿಮಮ್. ಅಸಲಿ ಸೆಲ್ ಸುಮಾರು ನಲವತ್ತೈದು ಗ್ರಾಂ ತೂಗುತ್ತೆ. ಒಳಗೆ ಪ್ರೊಟೆಕ್ಷನ್ ಸರ್ಕ್ಯೂಟ್ ಇದ್ರೆ ಶಾರ್ಟ್ ಆದಾಗ ತಾನೇ ಕಟ್ ಆಗುತ್ತೆ. ಅಂದ್ರೆ ನನ್ನ 9900... ಹಸಿ ಸುಳ್ಳು.

ಅಲ್ಲಿಗೆ ನಮ್ಮ ಅಕ್ಕನ ಕುಬಸಕ್ಕೆ, ಅಂದ್ರೆ ಸೀಮಂತಕ್ಕೆ ಹೊರಟಿದ್ವಿ. ಬಸ್ ಇಳಿದವಳೇ ಆಯಿಯನ್ನ ನೇರ ಬಜಾರಿಗೆ ಎಳ್ಕೊಂಡು ಹೋದೆ. ಶರಣಪ್ಪ ಅನ್ನೋರ ಎಲೆಕ್ಟ್ರಿಕ್ ಅಂಗಡಿ. ಸೆಲ್ ಕೇಳಿದ್ದಕ್ಕೆ ನೇರಳೆ ಬಣ್ಣದ್ದೊಂದು ಮುಂದಿಟ್ರು. ಅದರ ಮೇಲೆ 12000!

ನನಗೆ ಅಂಗಡಿಯವರ ಹತ್ರ ವಾದ ಮಾಡೋಕೆ ಬರಲ್ಲ. ಹರಿದ ನೋಟ್‌ಬುಕ್ ಕೊಟ್ರೂ ಥ್ಯಾಂಕ್ಯೂ ಅಂದು ಬರೋಳು ನಾನು.

"ಅಂಕಲ್... ಇದು ಪಾಸಿಬಲ್ ಇಲ್ರಿ."

"ಯವ್ವಾ, ನೀ ಪುಸ್ತಕದಾಗ ಓದಿದಾಕಿ. ಇದು ಬಜಾರ ಅದ. ದಿನಾ ಮಂದಿ ಇದನ್ನ ಒಯ್ತಾರ."

ನಿಂತಿದ್ದವರೆಲ್ಲ ನಕ್ಕರು. ನನ್ನ ಕಿವಿ ಬಿಸಿಯಾಯ್ತು. ತಿರುಗಿ ನೋಡಿದ್ರೆ ಆಯಿ ಆಗಲೇ ರಸ್ತೆ ಕಡೆ ಮುಖ ಮಾಡಿದ್ದಾಳೆ, ಟಾರ್ಚ್ ಇಲ್ಲದೇ ಹೋಗೋದು ಪಕ್ಕಾ ಅನ್ನೋ ಹಂಗೆ.

"ಕಡಿಮಿ ನಂಬರಿಂದು ಅದಾವೇನ್ರಿ?" ಧ್ವನಿ ನಡುಗ್ತಿತ್ತು.

ಅವರು ತಳದ ಡಬ್ಬಿಯಿಂದ ಒಂದನ್ನ ತೆಗೆದು ಧೂಳು ಒರೆಸಿದ್ರು. 2600. ಕೆಳಗೆ ಸಣ್ಣಕ್ಷರದಲ್ಲಿ ಪ್ರೊಟೆಕ್ಟೆಡ್ ಅಂತ ಇತ್ತು. "ಇದನ್ನ ಯಾರೂ ಕೇಳಂಗಿಲ್ಲ. ನಂಬರ್ ಕಡಿಮಿ, ರೇಟ್ ಜಾಸ್ತಿ."

"ಎರಡೂ ತೂಗ್ರಿ."

"ಸೆಲ್ ಏನ್ ಬೆಲ್ಲ ಅದ ಏನವಾ, ತೂಗಿ ಕೊಡಾಕ?"

ಮತ್ತೆ ನಗು. ಆದ್ರೆ ತೂಕ ಅಂದ ಕೂಡಲೇ ಆಯಿ ತಿರುಗಿದ್ಲು. ಸುಗ್ಗಿ ರಾಶಿ ಟೈಮಲ್ಲಿ ತೊಗರೀನ ಅಂಗೈಲಿ ಹಿಡಿದು ಕುಲುಕಿ, ಜೊಳ್ಳು ಎಷ್ಟು ಕಾಳು ಎಷ್ಟು ಅಂತ ಹೇಳೋಳು ಅವಳು. ಕಾಳು ಕೊಳ್ಳೋ ನಮ್ಮ ಆಳಂದದ ಅಡತಿಯವರೂ ಅವಳ ಕೈ ಒಪ್ತಾರೆ.

ಒಂದೊಂದು ಅಂಗೈಗೆ ಒಂದೊಂದು ಸೆಲ್ ತಗೊಂಡ್ಲು. ಕಣ್ಣು ಮುಚ್ಚಿದ್ಲು. ಆಮೇಲೆ ನೇರಳೆ ಸೆಲ್‌ನ ಕೌಂಟರ್ ಮೇಲೆ ವಾಪಸ್ ಇಟ್ಲು.

"ಇದು ಜೊಳ್ಳು ಅದ ತಮ್ಮಾ."

ಯಾರೂ ನಗಲಿಲ್ಲ. ಶರಣಪ್ಪನವರಿಗೆ ಕೆಣಕಿದಂಗಾಯ್ತು. ಎರಡನ್ನೂ ತಗೊಂಡು ಪಕ್ಕದ ಪತ್ತಾರರ ಅಂಗಡಿಗೆ, ಬಂಗಾರ ತೂಗೋ ತಕ್ಕಡಿ ಮುಂದೆ ಹೋಗಿ ನಿಂತ್ರು. ಹಿಂದೆ ನಾವೆಲ್ಲ ಮೆರವಣಿಗೆ.

2600ರದ್ದು ನಲವತ್ತೇಳು ಗ್ರಾಂ. 12000ದ್ದು... ಇಪ್ಪತ್ತನಾಲ್ಕು!

"ಇದರಾಗ ಗಾಳಿ ತುಂಬ್ಯಾರೇನ್ರಿ ಶರಣಪ್ಪಾ?" ಅಂದ್ರು ಪತ್ತಾರರು.

ಶರಣಪ್ಪ ನೇರಳೆ ಸೆಲ್‌ನ ಕೈಲಿ ಹಿಡಿದು ತಿರುಗಿಸಿ ನೋಡಿದ್ರು. ಆಮೇಲೆ ಮೆಲ್ಲಗೆ, "ನಮ್ಮ ಮನ್ಯಾಗೂ ಇದೇ ಹಾಕೀನಲ್ಲವಾ... ಮತ್ತ ಏನ್ ನೋಡಿ ತರಬೇಕು ಹೇಳು."

ನನ್ನ ಕೇಳಿದ್ರು! ನಾನು ಶುರು ಮಾಡಿದೆ. ತೂಕ ಸರಿ ಇದ್ದ ಮಾತ್ರಕ್ಕೆ ಅಸಲಿ ಅಲ್ಲ, ಆದ್ರೆ ಅರ್ಧ ತೂಕದ್ದು ಅಸಲಿ ಆಗೋಕೆ ಸಾಧ್ಯನೇ ಇಲ್ಲ. ಪ್ರೊಟೆಕ್ಟೆಡ್ ಸೆಲ್ ಸ್ವಲ್ಪ ಉದ್ದ ಇರುತ್ತೆ, ಟಾರ್ಚಿಗೆ ಹಾಕಿ ನೋಡೇ ತಗೋಬೇಕು. ಫುಲ್ ಆದಾಗ ತಾನೇ ನಿಲ್ಲೋ ಚಾರ್ಜರ್ ಬೇಕು, ಹಾಸಿಗೆ ಮೇಲೆ ಚಾರ್ಜ್ ಹಾಕಬಾರದು. ಮೇಲಿನ ಹೊದಿಕೆ ಹರಿದಿದ್ರೆ ಬಳಸಬಾರದು. ಸ್ಪೇರ್ ಸೆಲ್ ಯಾವಾಗಲೂ ಪ್ಲಾಸ್ಟಿಕ್ ಡಬ್ಬಿಯಲ್ಲೇ.

ಅರ್ಧ ಇಂಗ್ಲಿಷಲ್ಲೇ ಹೇಳಿದೆ. ಆಗ ನಗ್ತಿದ್ದೋರು ಈಗ ಫೋನಲ್ಲಿ ಬರ್ಕೊಳ್ತಿದ್ರು.

ಟಾರ್ಚಿನೊಳಗಿದ್ದ ಇನ್ನೊಂದು 9900ನ ತೆಗೆದು ಹಾಕಿದ್ರೆ, 2600ರ ಸೆಲ್ ಸರಿಯಾಗಿ ಕೂತಿತು. ಎರಡು ನಕಲಿಯ ರೇಟಿಗೆ ಒಂದು ಅಸಲಿ. ಆಯಿ ಆನ್ ಮಾಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿ, ಟಾರ್ಚ್‌ನ ತನ್ನ ಚೀಲದೊಳಗೇ ಇಟ್ಕೊಂಡ್ಲು.

ಊರಿಗೆ ವಾಪಸ್ ಬಂದು ಇವತ್ತು ನಸುಕಲ್ಲಿ ನಾನೂ ಅವಳ ಜೊತೆ ಹೊಲಕ್ಕೆ ಹೋಗಿದ್ದೆ. ಅವಳು ಮುಂದೆ, ಬೆಳಕು ಅವಳಿಗಿಂತ ಮುಂದೆ. ಬದುವಿನ ಮೇಲೆ ನಿಂತು ಕೂಗ್ತಾಳೆ, "ಲಗು ಬಾ ಬೇ ಇಂಗ್ಲಿಷ್ ಮೇಡಂ, ಎಮ್ಮಿ ಕಾಯಾಕತ್ತದ!"

ಎಲ್ಲರ ಎದುರು ಮೊದಲ ಸಲ "ಇಲ್ರಿ, ಇದು ಸರಿಯಿಲ್ಲ" ಅಂದಾಗ ನಿಮ್ಮ ಧ್ವನಿಯೂ ನಡುಗಿತ್ತಾ?